ಕರೆಯೋ ಹೆಸರು

ಆ ದಿನ ಬೆಳಗ್ಗೆ ಗಾಳಿ ನಿಂತುಹೋಗಿತ್ತು. ಆಷಾಢದಲ್ಲಿ ದುರ್ಗದ ಗಾಳಿ ನಿಲ್ಲುವುದೆಂದರೆ ಜನ ಮನೆಯಿಂದ ಹೊರಗೆ ಬಂದು ಆಕಾಶ ನೋಡುವಂಥ ಸಂಗತಿ. ರಾತ್ರಿಯಿಡೀ ತಗಡಿನ ಮಾಡುಗಳನ್ನು ಅಲ್ಲಾಡಿಸಿ, ಬಟ್ಟೆ ಹರವಿದ ಹಗ್ಗಗಳಿಂದ ಸಿಳ್ಳೆ ಹೊರಡಿಸಿ, ಬೆಳಗಿನ ಜಾವಕ್ಕೆ ಯಾರೋ ಬೆನ್ನು ಸವರಿ ಮಲಗಿಸಿದ ಹಾಗೆ ಅದು ತೆಪ್ಪಗಾಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಮಂಜಿನಲ್ಲಿ ಅರ್ಧ ಮುಳುಗಿ, ಮಾಡುತ್ತಿದ್ದ ಕೆಲಸವನ್ನೇ ಮರೆತವರಂತೆ ರೆಕ್ಕೆ ಚಾಚಿ ನಿಂತಿದ್ದವು. ಗಾಳಿಯಿಲ್ಲದ ಕಾರಣ ಸದ್ದುಗಳೆಲ್ಲ ಹತ್ತಿರ ಬಂದಿದ್ದವು. ಕೆಳಗಿನ ಬೀದಿಯಲ್ಲಿ ಯಾರೋ ಬಿಂದಿಗೆ ಇಳಿಸಿದರೆ ನಮ್ಮ ಕಾಲ ಬಳಿಯೇ ಇಳಿಸಿದಂತೆ ಕೇಳುತ್ತಿತ್ತು.

ಕಾವ್ಯಶ್ರೀ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕುಳಿತು ಜಡೆ ಹೆಣೆಯುತ್ತಿದ್ದಳು. ಬೆಳಗಿನ ಕನಸಿನಲ್ಲಿ ಯಾರೋ ಅವಳನ್ನು ಕರೆದಿದ್ದರು. ದನಿ ನೆನಪಿತ್ತು, ದನಿ ಬಂದ ದಿಕ್ಕೂ ನೆನಪಿತ್ತು. ಯಾವ ಹೆಸರು ಹಿಡಿದು ಕರೆದರೆಂಬುದು ಮಾತ್ರ ಎಚ್ಚರವಾದಾಗ ಕೈಗೆ ಸಿಗಲಿಲ್ಲ.

ಅವಳಿಗೆ ಎರಡು ಹೆಸರಿದ್ದವು. ಕಾಗದದ ಮೇಲಿನ ಹೆಸರು ಜುಂಜಣ್ಣ. ಆಧಾರ್ ಕಾರ್ಡಿನಲ್ಲಿ ಅದೇ, ಎಸ್ಸೆಸ್ಸೆಲ್ಸಿಯಿಂದ ಬಿ.ಕಾಂವರೆಗಿನ ಅಂಕಪಟ್ಟಿಗಳಲ್ಲೂ ಅದೇ. ಹುಟ್ಟಿದ ಕೂಸನ್ನು ಗಂಡೆಂದು ತಿಳಿದು ಇಟ್ಟ ಹೆಸರು. ತಾನು ಹೆಣ್ಣೆಂಬುದು ಅವಳಿಗೆ ಹಸಿವು ಬಾಯಾರಿಕೆ ಗೊತ್ತಾದಷ್ಟು ಸಹಜವಾಗಿ ಮೊದಲಿನಿಂದಲೂ ಗೊತ್ತಿತ್ತು. ಲೋಕಕ್ಕೆ ಗೊತ್ತಾಗಿದ್ದು ಹಿರಿಯೂರಿನ ಕಾಲೇಜು ಮುಗಿಸಿ, ಕೂದಲು ಬಿಟ್ಟು, ಚೂಡಿದಾರ್ ತೊಟ್ಟು ದುರ್ಗಕ್ಕೆ ಬಂದ ಮೇಲೆ. ಆಗಿನಿಂದ ಅವಳು ತನ್ನನ್ನು ಕಾವ್ಯಶ್ರೀ ಎಂದೇ ಹೇಳಿಕೊಳ್ಳುತ್ತಿದ್ದಳು. ಓಣಿಯ ಹೆಂಗಸರು, ಹಾಲಿನವನು, ಕೋಣೆಯ ಮಾಲೀಕರು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ತೊಡಕು ಬರುತ್ತಿದ್ದುದು ಕೆಲಸ ಕೇಳಲು ಹೋದಾಗ.

ಹೊಸದುರ್ಗದ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸವಿತ್ತು. ಮಂಡಿಯ ಯಜಮಾನರು ಅಂಕಪಟ್ಟಿ ನೋಡಿ, "ಯಾರಮ್ಮ ಇವನು, ತಮ್ಮನಾ? ತಮ್ಮಂಗೆ ಕೆಲಸ ಬೇಕಾದ್ರೆ ತಮ್ಮನ್ನೇ ಕಳ್ಸು" ಅಂದರು. "ನಾನೇ ಸಾರ್" ಎಂದಳು. ಅವರು ಆಧಾರ್ ಕಾರ್ಡಿನ ಚಿತ್ರವನ್ನು ನೋಟು ಪರೀಕ್ಷಿಸುವ ಹಾಗೆ ಬೆಳಕಿಗೆ ಹಿಡಿದು ನೋಡಿ, ಅವಳನ್ನೂ ನೋಡಿ, ಬೈಯದೆ, ನಗದೆ, "ಲೆಕ್ಕ ಬರೆಯೋ ಕಡೆ ಲೆಕ್ಕ ತಾಳೆ ಆಗ್ಬೇಕಲ್ಲಮ್ಮ" ಎಂದು ಕಾಗದ ವಾಪಸ್ಸು ಕೊಟ್ಟರು. ಹಿರಿಯೂರಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕುಡಿಯಲು ನೀರು ಕೊಟ್ಟು, ಫೋನ್ ಮಾಡುತ್ತೇವೆ ಅಂದಿದ್ದರು. ಆ ಫೋನ್ ಬರಲೇ ಇಲ್ಲ. ಈವತ್ತು ಹೊಳಲ್ಕೆರೆಯ ಒಂದು ಕಣ್ಣಾಸ್ಪತ್ರೆಗೆ ಹೋಗಬೇಕಿತ್ತು. ಕೌಂಟರಿನಲ್ಲಿ ಕೂತು ಬಂದವರಿಗೆ ಚೀಟಿ ಮಾಡಿಕೊಡುವುದು, ಸರದಿ ಬಂದಾಗ ಹೆಸರು ಕರೆಯುವುದು. ಹೆಸರು ಕರೆಯುವ ಕೆಲಸಕ್ಕೆ ಹೆಸರೇ ನಿಲ್ಲದವಳು ಹೊರಟಿದ್ದೇನೆ ಅಂದುಕೊಂಡು ಅವಳು ಒಬ್ಬಳೇ ನಕ್ಕಳು. ಈ ಕೆಲಸವೂ ತಪ್ಪಿದರೆ ದುರ್ಗದ ಕೋಣೆ ಬಿಡಬೇಕಾಗುತ್ತಿತ್ತು. ಕೋಣೆ ಬಿಟ್ಟು ಹೋಗುವುದಾದರೂ ಎಲ್ಲಿಗೆ, ಯಾರಾಗಿ ಎಂಬುದು ಅವಳಿಗೆ ತಿಳಿದಿರಲಿಲ್ಲ.

ಹೆಸರು ಬದಲಿಸಿಕೋ ಎಂದು ಎಲ್ಲರೂ ಹೇಳುತ್ತಿದ್ದರು. ದಾರಿಯೂ ಇತ್ತು. ಜಿಲ್ಲಾಧಿಕಾರಿಗಳಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಅವಳಂಥವರಿಗೆ ಹೊಸ ಹೆಸರಿನ ಗುರುತಿನ ಪತ್ರ ಬರುತ್ತದೆ. ಅದನ್ನು ಹಿಡಿದು ಆಧಾರ್ ತಿದ್ದಿಸಬಹುದು, ಆಧಾರ್ ಹಿಡಿದು ಉಳಿದದ್ದನ್ನೆಲ್ಲ. ಅರ್ಜಿಯನ್ನು ಅವಳು ಮೊಬೈಲಿನಲ್ಲಿ ತುಂಬಿ ಇಟ್ಟೂ ಇದ್ದಳು. ಕೊನೆಯ ಗುಂಡಿ ಒತ್ತುವುದೊಂದು ಬಾಕಿ. ಪ್ರತಿ ಸಲವೂ ಅಲ್ಲಿಗೆ ಬಂದು ಬೆರಳು ನಿಂತುಬಿಡುತ್ತಿತ್ತು. ಅಪ್ಪ ಅಮ್ಮ ಯೋಚಿಸಿ ಇಟ್ಟ ಹೆಸರಾಗಿದ್ದರೆ ಒತ್ತಿಬಿಡುತ್ತಿದ್ದಳು. ಇದು ದೇವರದು. ದೇವರ ಹತ್ತಿರ ಇಸಕೊಂಡದ್ದು.

ಹರಿಯಬ್ಬೆಯ ಆಚೆ, ಗುಡ್ಡದ ಬುಡದಲ್ಲಿ ಅವಳ ಹಟ್ಟಿ. ಕುರಿ ಸಾಕಿ, ರಾಗಿ ಸಜ್ಜೆ ಬೆಳೆದು ಬದುಕುವ ಜನ. ಹುಟ್ಟಿ ನಾಲ್ಕು ದಿನಕ್ಕೇ ಅವಳು ಹಾಲು ಬಿಟ್ಟಿದ್ದಳಂತೆ. ಉಸಿರು ದಾರದ ಎಳೆಯಷ್ಟಾಯಿತಂತೆ. ಅಜ್ಜಿ ನಾಗಕ್ಕ ಕೂಸನ್ನು ಎತ್ತಿಕೊಂಡು ಹೋಗಿ ಜುಂಜಪ್ಪನ ಗದ್ದಿಗೆಯ ಮುಂದೆ ಮಲಗಿಸಿ, "ಸ್ವಾಮಿ, ಇದರ ಉಸಿರು ಉಳಿಸ್ಕೊಡು, ನಿನ್ನ ಹೆಸರು ಇದಕ್ಕೆ ಹೊದಿಸ್ತೀನಿ" ಎಂದು ಬೇಡಿಕೊಂಡಳಂತೆ. ಆ ಹಟ್ಟಿಯಲ್ಲಿ ಅದೊಂದು ನಡೆದು ಬಂದ ಪದ್ಧತಿ. ಹರಕೆಯ ಕೂಸಿಗೆ ದೇವರ ಹೆಸರು ಕೊಡುವಾಗ ಗದ್ದಿಗೆಯ ಮೇಲಿನ ಕಂಬಳಿಯೊಂದನ್ನು ಕೊಟ್ಟು ಹೊದಿಸುತ್ತಾರೆ. ಕಂಬಳಿ ಮನೆಯಲ್ಲಿರುವಷ್ಟು ದಿನ ಹೆಸರೂ ಆ ಮನೆಯಲ್ಲಿ. ಎರಡೂ ದೇವರ ಸ್ವತ್ತೇ, ಮನೆಯವರದಲ್ಲ. ಹೆಸರು ಹೊತ್ತವರು ತೀರಿಕೊಂಡ ಮೇಲೆ ಕಂಬಳಿಯನ್ನು ಮಡಚಿ ಗದ್ದಿಗೆಗೆ ಒಪ್ಪಿಸುತ್ತಾರೆ.

ದೇವರ ಹೆಸರಿನ ಮಕ್ಕಳನ್ನು ಹಟ್ಟಿಯಲ್ಲಿ ಯಾರೂ ಹೆಸರು ಹಿಡಿದು ಬೈಯುವಂತಿರಲಿಲ್ಲ. ಅಜ್ಜಿಗೆ ಇದರಿಂದ ಬಹಳ ಕಷ್ಟವಾಗಿತ್ತು. ಹಾಲು ಚೆಲ್ಲಿದರೆ "ಏನ್ ಸ್ವಾಮಿ, ಚೆಲ್ಲಿಬಿಟ್ರಾ" ಎಂದು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದಳು. ಸ್ವಾಮಿ ಎನ್ನದಿದ್ದರೆ 'ಮಗ' ಎನ್ನುತ್ತಿದ್ದಳು. ಆ ಸೀಮೆಯಲ್ಲಿ ಗಂಡಿಗೂ ಮಗ, ಹೆಣ್ಣಿಗೂ ಮಗ. ಕಾವ್ಯಶ್ರೀಗೆ ಅಜ್ಜಿಯ ಬಾಯಿಂದ ನೋವಾಗದೆ ಇದ್ದುದಕ್ಕೆ ಅದೂ ಒಂದು ಕಾರಣವಿದ್ದೀತು.

ಹೊಳಲ್ಕೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಹೊರಗೆ ಮಂಜು ರಸ್ತೆಯ ಎರಡೂ ಬದಿಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಒಂದು ತೆಂಗಿನ ತೋಟ ಬುಡವಿಲ್ಲದೆ ತಲೆ ಮಾತ್ರ ಕಾಣಿಸಿಕೊಂಡು ಮಾಯವಾಯಿತು. ಇಂಥದೇ ಮಂಜಿನ ಒಂದು ಬೆಳಗು ಅವಳಿಗೆ ನೆನಪಾಯಿತು. ಮೂರನೆಯ ಕ್ಲಾಸಿನ ರಜೆ. ಅಜ್ಜಿಯ ಜೊತೆ ಕುರಿಯ ಹಿಂದೆ ಮಾಡದಕೆರೆಯ ಕಡೆಗೆ ಹೋಗಿ, ಯಾರದೋ ಹೊಲದಲ್ಲಿ ಮಂದೆ ನಿಲ್ಲಿಸಿದ್ದರು. ಬೆಳಕು ಹರಿಯುವ ಹೊತ್ತು. ಮಂಜಿನಾಚೆ ಕಾಣದ ಯಾವುದೋ ಊರಿನಿಂದ ಒಂದು ಹೆಂಗಸಿನ ದನಿ ಬಂತು. "ಕಾವ್ಯಶ್ರೀ..." ತಾಯಿ ಮಗಳನ್ನು ಕರೆಯುವ ದನಿ. ಯಾರೂ ಓಗೊಡಲಿಲ್ಲ. "ಕಾವ್ಯಶ್ರೀ..." ಕುರಿಗಳೂ ಮೇಯುವುದನ್ನು ನಿಲ್ಲಿಸಿದವು. ಮೂರನೆಯ ಸಲಕ್ಕೆ ಅವಳ ಬಾಯಿ ತಾನಾಗಿ ತೆರೆಯಿತು. "ಓ" ಅಂದಳು.

ಕಂಬಳಿಯೊಳಗಿನಿಂದ ಅಜ್ಜಿ ದಡಕ್ಕನೆ ಎದ್ದಳು. "ಯಾರಿಗೆ ಮಗ ಓ ಅಂದೆ?"

"ಕರೆದ್ರಲ್ಲಜ್ಜಿ."

"ನಿನ್ನನ್ನಲ್ಲ ಕರೆದಿದ್ದು."

"ಮೂರು ಸಲ ಕರೆದ್ರು."

ಕತ್ತಲು ಹರಿಯದ ಹೊತ್ತಿನಲ್ಲಿ ಯಾರು ಕರೆದರೂ ಮೂರನೆಯ ಸಲದವರೆಗೆ ಓಗೊಡಬಾರದು ಎಂದು ಕಲಿಸಿದವಳು ಅಜ್ಜಿಯೇ. ದೆವ್ವ ಪಿಶಾಚಿ ಮೂರನೆಯ ಸಲ ಕರೆಯುವುದಿಲ್ಲ, ಮೂರು ಸಲ ಕರೆದವರು ನಿಜವಾದವರು, ಅವರಿಗೆ ಓ ಅಂದರೆ ಅವರ ಹಿಂದೆ ಹೋಗಲೇಬೇಕು. ಹೀಗೆಂದು ಹೇಳಿಕೊಟ್ಟಿದ್ದ ಅಜ್ಜಿ ಆವತ್ತು ಮೊಮ್ಮಗುವನ್ನು ಎಳೆದು ಕಂಬಳಿಯೊಳಗೆ ಸೇರಿಸಿಕೊಂಡು, ಬಿಸಿಲು ಬರುವವರೆಗೂ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಹೊಳಲ್ಕೆರೆಯ ಆ ಆಸ್ಪತ್ರೆ ಮೊದಲು ಕಲ್ಯಾಣಮಂಟಪವಾಗಿತ್ತಂತೆ. ಊಟದ ಹಾಲಿನಲ್ಲಿ ಈಗ ಬೆಂಚುಗಳು. ಮ್ಯಾನೇಜರ್ ಗಂಗಾಧರಪ್ಪನವರ ಕೋಣೆಯ ಬಾಗಿಲ ಮೇಲೆ, ಬಳಿದ ಸುಣ್ಣದ ಅಡಿಯಿಂದ, 'ವಧುವಿನ ಕೊಠಡಿ' ಎಂಬ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಕೌಂಟರಿನಲ್ಲಿ ಮಮತಾ ಎಂಬ ತುಂಬು ಬಸುರಿ ಮೈಕು ಹಿಡಿದು ಕೂತಿದ್ದಳು. ಅವಳು ಹೆರಿಗೆಗೆ ಹೋದರೆ ಆ ಜಾಗಕ್ಕೆ ಜನ ಬೇಕಾಗಿತ್ತು. ಕಣ್ಣು ತೋರಿಸಲು ಬಂದವರೂ ಕೆಲಸ ಕೇಳಲು ಬಂದವರೂ ಒಟ್ಟಿಗೇ ಕೂತಿದ್ದರು, ಒಂದೇ ಮೈಕಿನಲ್ಲಿ ಎಲ್ಲರನ್ನೂ ಕರೆಯುತ್ತಿದ್ದರು. ಕಾವ್ಯಶ್ರೀ ಕೊಟ್ಟ ಕಾಗದಗಳನ್ನು ಮಮತಾ ಮುಖ ಎತ್ತದೆ ತೆಗೆದುಕೊಂಡು, "ಕುಂತ್ಕಳ್ರಿ, ಕರೀತೀನಿ" ಅಂದಳು.

ಬೆಂಚಿನ ತುದಿಯಲ್ಲಿ ಒಬ್ಬಳು ಮುದುಕಿಯ ಪಕ್ಕ ಜಾಗ ಸಿಕ್ಕಿತು. ಬಹಳ ಹೊತ್ತಿನ ಮೇಲೆ ಮೈಕು ಗೊರಗೊರ ಅಂದಿತು.

"ಜುಂಜಣ್ಣ."

ಹಾಲಿನಲ್ಲಿದ್ದ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಜುಂಜಣ್ಣ, ಹರಿಯಬ್ಬೆ."

ಏಳಬೇಕು ಎಂದು ಅವಳಿಗೆ ಗೊತ್ತಿತ್ತು. ಕಾಲು ಏಳಲಿಲ್ಲ. ಹಟವೂ ಅಲ್ಲ, ನಾಚಿಕೆಯೂ ಅಲ್ಲ. ಪಕ್ಕದ ಮನೆಯ ಕದ ಯಾರೋ ತಟ್ಟುತ್ತಿದ್ದರೆ ನಾವು ಹೇಗೆ ನಮ್ಮ ಪಾಡಿಗೆ ಕೇಳಿಸಿಕೊಂಡು ಕೂತಿರುತ್ತೇವೋ ಹಾಗೆ ಕೂತಿದ್ದಳು.

"ಜುಂಜಣ್ಣ ಅನ್ನೋರು ಇದೀರೇನಪ್ಪ?" ಮಮತಾ ಮೂರನೆಯ ಸಲ ಕೇಳಿದಳು. ಯಾರೂ ಓಗೊಡದಿದ್ದಾಗ ಆ ಕಾಗದವನ್ನು ಕೆಳಕ್ಕೆ ಸೇರಿಸಿ, "ಶರಣ್" ಎಂದು ಕರೆದಳು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಹುಡುಗ ವಧುವಿನ ಕೊಠಡಿಯೊಳಗೆ ಹೋದ.

ಮುಗಿಯಿತು ಅಂದುಕೊಂಡಳು. ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳುವಾಗ ಪಕ್ಕದ ಮುದುಕಿ ಗೊಣಗಿದಳು. "ನಾನು ಬಂದು ಕುಂತು ಎಲೆಅಡಿಕೆ ಚೀಲ ಅರ್ಧ ಖಾಲಿ ಆತು. ಹಿಂದೆ ಬಂದೋರೆಲ್ಲ ಮುಂದೆ ಹೋದ್ರು. ನೀನ್ಯಾಕವ್ವ ಎದ್ದೆ? ಯಾರ ಮಗಳು ನೀನು?"

"ಹರಿಯಬ್ಬೆ ಹತ್ರ, ನಾಗಕ್ಕನ ಮೊಮ್ಮಗಳು. ಕೆಲಸ ಕೇಳೋಕೆ ಬಂದಿದ್ದೆ ಅಜ್ಜಿ."

"ಕರೀಲಿಲ್ವಾ?"

"ಕರೆದ್ರು. ನಾನೇ ಓ ಅನ್ನಲಿಲ್ಲ."

"ಚೆನ್ನಾಗೈತೆ. ಓ ಅನ್ನದೋಳನ್ನ ಕರೀತಾರೆ. ಓ ಅನ್ನಾಕೆ ಬಾಯಿ ತಕ್ಕಂಡು ಕುಂತಿರೋ ನನ್ನ ಕರಿಯಲ್ಲ."

ಮೈಕಿನಲ್ಲಿ ಮಮತಾ "ತಿಪ್ಪಮ್ಮ, ಹೊರಕೆರೆದೇವಪುರ" ಎಂದು ಕೂಗುತ್ತಿದ್ದಳು. ಯಾರೂ ಏಳಲಿಲ್ಲ. "ತಿಪ್ಪಮ್ಮ..."

ಕಾವ್ಯಶ್ರೀ ಹೆಗಲಿನ ಬ್ಯಾಗನ್ನು ಹಾಗೆಯೇ ಹಿಡಿದುಕೊಂಡು ಕೇಳಿದಳು. "ನಿಮ್ಮ ಊರು ಯಾವುದಜ್ಜಿ?"

"ಹೊರಕೆರೆದೇವಪುರ."

"ಹೆಸರು?"

"ದ್ಯಾಮಮ್ಮ."

"ನಿಮ್ಮ ಕಾರ್ಡ್ ತೋರ್ಸ್ರಿ."

ಮುದುಕಿ ಸೊಂಟದ ಚೀಲದಿಂದ ಪ್ಲಾಸ್ಟಿಕ್ ಕವರಿನೊಳಗಿನ ಆಧಾರ್ ಕಾರ್ಡ್ ತೆಗೆದಳು. ಅದರಲ್ಲಿ ತಿಪ್ಪಮ್ಮ ಎಂದಿತ್ತು. ಕಾವ್ಯಶ್ರೀ ಓದಿ ಹೇಳಿದಾಗ ಮುದುಕಿ ಬಾಯಿಗೆ ಸೆರಗು ಹಿಡಿದು ಮೈಯೆಲ್ಲ ಕುಲುಕಿಸಿಕೊಂಡು ನಕ್ಕಳು.

"ಹೂಂ ಕಣವ್ವ, ಅದೂ ನಾನೇಯ. ಮರ್ತೇ ಹೋಗಿತ್ತು. ನಮ್ಮವ್ವಂಗೆ ಮಕ್ಕಳು ನಿಲ್ತಿರ್ಲಿಲ್ಲ. ನಾನು ಹುಟ್ಟಿದಾಗ ತಿಪ್ಪೆ ಮ್ಯಾಲೆ ಮಲಗ್ಸಿ, ಯಾರೋ ಬಿಸಾಕಿದ್ದು ಅಂತ ಎತ್ಕಂಡು ಬಂದು ತಿಪ್ಪಮ್ಮ ಅಂದ್ರಂತೆ. ಸಾವು ಬಂದು ನೋಡಿದ್ರೆ, ಇದು ಯಾರಿಗೂ ಬ್ಯಾಡಾದ್ದು ಅಂತ ಬಿಟ್ಟು ಹೋಗ್ಲಿ ಅಂತ. ಕರೆಯೋ ಹೆಸರು ದ್ಯಾಮಮ್ಮ. ಆ ಹೆಸರು ಸಾವಿಗೆ ತೋರ್ಸಾಕೆ ಇಟ್ಟಿದ್ದು ಮಗಳೇ. ನಾನು ಬದುಕಿದ್ದು ಈ ಹೆಸರಿನಾಗೆ."

ಆ ಮಾತು ಕಾವ್ಯಶ್ರೀಯ ಕಿವಿಯಲ್ಲಿ ಬಿದ್ದು, ಬಾವಿಗೆ ಹಾಕಿದ ಕಲ್ಲಿನಂತೆ ಬಹಳ ಹೊತ್ತು ಕೆಳಗಿಳಿಯುತ್ತಲೇ ಇತ್ತು. ಅವಳು ಮುದುಕಿಯ ಕೈಹಿಡಿದು ಕೌಂಟರಿನ ಬಳಿ ಕರೆದುಕೊಂಡು ಹೋದಳು.

"ತಿಪ್ಪಮ್ಮ ಇವರೇ ಮೇಡಂ. ಕರೆಯೋ ಹೆಸರು ದ್ಯಾಮಮ್ಮ ಅಂತೆ."

"ಎಷ್ಟು ಸಲ ಕರೆಯೋದಜ್ಜಿ ನಿನ್ನ?" ಮಮತಾ ಸೊಂಟ ನೀವಿಕೊಳ್ಳುತ್ತಾ ಕೇಳಿದಳು.

"ನೀನು ಕರೆದಿದ್ದು ಅವಳನ್ನ ಕಣವ್ವ. ಅವಳು ತಿಪ್ಪೆ ಮ್ಯಾಲೇ ಉಳ್ಕಂಡ್ಳು."

ಮಮತಾಳಿಗೂ ನಗು ಬಂತು. "ದಿನಾ ಇದೇ ಆಗೈತೆ ನಂಗೆ" ಎನ್ನುತ್ತಾ ಚೀಟಿಯ ಪಕ್ಕದಲ್ಲಿ ದ್ಯಾಮಮ್ಮ ಎಂದು ಬರೆದುಕೊಂಡಳು. ಆಮೇಲೆ ಕಾವ್ಯಶ್ರೀಯನ್ನು ನೋಡಿ, "ನೀವು? ಕಣ್ಣು ತೋರ್ಸಬೇಕಾ?" ಅಂದಳು.

"ಇಲ್ಲ. ಕೆಲಸಕ್ಕೆ ಬಂದಿದ್ದೆ. ಆಗಲೇ ಮೂರು ಸಲ ಕರೆದ್ರಲ್ಲ, ಜುಂಜಣ್ಣ ಅಂತ. ಅದು ನಾನೇ."

ಮಮತಾಳ ಪೆನ್ನು ನಿಂತಿತು. ಅವಳು ಕೆಳಗೆ ಸೇರಿಸಿದ್ದ ಕಾಗದವನ್ನು ಹುಡುಕಿ ತೆಗೆದು, ಚಿತ್ರ ನೋಡಿದಳು, ಎದುರಿಗಿದ್ದವಳ ಜಡೆ ನೋಡಿದಳು, ಕೊರಳಿನ ಮಣಿಸರ ನೋಡಿದಳು. ಕಾವ್ಯಶ್ರೀ ಎಂದಿನ ಮಾತಿಗಾಗಿ ಕಾದಳು. ಹೊಟ್ಟೆಯೊಳಗಿನ ಕೂಸು ಒದ್ದಿರಬೇಕು, ಮಮತಾ ಒಂದು ಕೈಯನ್ನು ಅಲ್ಲಿಗೆ ಒಯ್ದು, ಇನ್ನೊಂದು ಕೈಯಲ್ಲಿ ಪೆನ್ನನ್ನು ಮತ್ತೆ ಕಾಗದಕ್ಕೆ ತಾಗಿಸಿದಳು.

"ಕರೆಯೋ ಹೆಸರು?" ಎಂದು ಕೇಳಿದಳು.

"ಕಾವ್ಯಶ್ರೀ."

ಬರೆದುಕೊಂಡಳು. ಎದುರಿಗೇ ನಿಂತಿದ್ದರೂ ಮೈಕನ್ನು ಬಾಯಿಯ ಹತ್ತಿರ ತಂದು, "ಕಾವ್ಯಶ್ರೀ, ಹರಿಯಬ್ಬೆ" ಎಂದು ಕರೆದಳು. ಹಾಲಿನ ತುಂಬ ಆ ಹೆಸರು ಹರಡಿ, ಎದುರು ಗೋಡೆಗೆ ತಾಗಿ ತಿರುಗಿ ಬಂತು. ಯಾವ ಗಂಡಸೂ ಈ ಸಲ ಪಕ್ಕಕ್ಕೆ ತಿರುಗಿ ನೋಡಲಿಲ್ಲ.

"ಓ" ಅಂದಳು ಕಾವ್ಯಶ್ರೀ.

ದ್ಯಾಮಮ್ಮ ಚೀಲದಿಂದ ಒಂದು ತುಂಡು ಕೊಬ್ಬರಿ, ಒಂದು ಉಂಡೆ ಬೆಲ್ಲ ತೆಗೆದು ಅವಳ ಕೈಯಲ್ಲಿಟ್ಟು, "ಬಾಯಿ ಸೀ ಮಾಡ್ಕಂಡು ಹೋಗು ಒಳಗೆ" ಅಂದಳು. ತಿನ್ನಲು ಮನಸ್ಸಾಗದೆ ಅವಳು ಅದನ್ನು ಕರ್ಚೀ‌ಫಿನಲ್ಲಿ ಕಟ್ಟಿಟ್ಟುಕೊಂಡಳು.

ಗಂಗಾಧರಪ್ಪನವರು ಕಾಗದಗಳನ್ನೆಲ್ಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬರ್ರಿ, ಕುಂತ್ಕಳ್ರಿ. ಹೊರಗೆ ನಡೆದಿದ್ದು ಕೇಳಿಸ್ತು. ಇಲ್ಲಿಗೆ ಬರೋರು ಅರ್ಧಂಬರ್ಧ ಕಣ್ಣಿನೋರು, ಅವರಿಗೆ ದನಿ ಬೇಕು. ನಿಮಗೆ ದನಿ ಐತೆ. ನನ್ನ ಕಡೆಯಿಂದ ತಕರಾರಿಲ್ಲಮ್ಮ. ಆದ್ರೆ ಕೌಂಟರಿನಾಗೆ ಕೂತೋರ ಎದೆ ಮ್ಯಾಲೆ ಹೆಸರಿನ ಪಟ್ಟಿ ಇರ್ತೈತೆ. ಜುಂಜಣ್ಣ ಅಂತ ಹಾಕಿದ್ರೆ ನೀವು ದಿನಾ ಬಂದೋರಿಗೆಲ್ಲ ಉತ್ತರ ಹೇಳ್ತಾ ಕೂರಬೇಕಾಗ್ತೈತೆ. ಕಾವ್ಯಶ್ರೀ ಅಂತ ಹಾಕಿದ್ರೆ ನಾನು ಟ್ರಸ್ಟಿನೋರಿಗೆ ಉತ್ತರ ಹೇಳಬೇಕು."

"ಗುರುತಿನ ಪತ್ರ ಬರೋಕೆ ತಡ ಆಗುತ್ತೆ ಸಾರ್."

"ಅದು ಬರೋವರೆಗೂ ಕಾಯಾಣ. ಅರ್ಜಿ ಹಾಕಿದ್ದಕ್ಕೆ ಸ್ವೀಕೃತಿ ಅಂತ ಒಂದು ಬರುತ್ತಲ್ಲ, ಅದನ್ನ ಸೋಮವಾರ ತನ್ನಿ. ಅದನ್ನ ಮುಂದಿಟ್ಕಂಡು ನಾನು ಮಾತಾಡ್ತೀನಿ. ತರಲಿಲ್ಲ ಅಂದ್ರೆ ಆಗ ಬಂದು ಹೋದನಲ್ಲ ಆ ಹುಡುಗ, ಅವನಿಗೆ ಹೇಳಬೇಕಾಗ್ತೈತೆ. ಮಮತಾ ಇನ್ನು ಬಹಳ ದಿನ ಕೂರೋ ಹಂಗಿಲ್ಲ."

ಈವತ್ತು ಶನಿವಾರ. ಅವಳು ಹೊರಗೆ ಬಂದು ಹುಣಸೆಮರದ ಕೆಳಗೆ ನಿಂತು ಮೊಬೈಲಿನಲ್ಲಿ ಅರ್ಜಿ ತೆರೆದಳು. ಎಲೆ ಕೂಡ ಅಲ್ಲಾಡದ ಮಧ್ಯಾಹ್ನ. ಬೆರಳು ಗುಂಡಿಯ ಮೇಲೆ ಬಂದು ಮತ್ತೆ ನಿಂತಿತು. ಅಜ್ಜಿಗೆ ಹೇಳದೆ ಒತ್ತಿದರೆ ಕದ್ದಂತೆ ಅನ್ನಿಸಿತು. ಮೊಬೈಲ್ ಮುಚ್ಚಿ ಬಸ್ ನಿಲ್ದಾಣದ ಕಡೆ ನಡೆದಳು. ದುರ್ಗದಲ್ಲಿ ಇಳಿದು ಕೋಣೆಗೆ ಹೋಗದೆ ಹಿರಿಯೂರಿನ ಬಸ್ಸು ಹತ್ತಿ, ಬರುತ್ತಿದ್ದೇನೆಂದು ಅಣ್ಣನಿಗೆ ಫೋನ್ ಮಾಡಿದಳು.

ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಹರಿಯಬ್ಬೆಯಲ್ಲಿ ಇಳಿದಾಗ ಬಿಸಿಲು ಹಳದಿಯಾಗಿತ್ತು. ಅಣ್ಣ ಹರೀಶ್ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಎರಡು ವರ್ಷದಿಂದ ಅವನು ತಂಗಿಯನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಹಳೆಯದು ಬಾಯಿಗೆ ಬಂದರೆ ಅವಳಿಗೆ ನೋವು, ಹೊಸದು ಅವನ ಬಾಯಿಗೆ ಬಾರದು.

"ಇಲ್ನೋಡು, ಬ್ಯಾಗ್ ಇತ್ತ ಕೊಡು" ಅಂದ.

"ಹೆಂಡ್ತಿ ಗಂಡನ್ನ ಕರೆದಂಗೆ ಕರೀತೀಯಲ್ಲೋ ನೀನು."

"ಮತ್ತೆ ಇನ್ನೇನು ಅನ್ಲಿ? ಹತ್ತು, ಕತ್ತಲಾಗೋದ್ರೊಳಗೆ ಹೋಗಾಣ" ಎಂದು ಹರೀಶ್ ಬೈಕಿಗೆ ಒದ್ದ. ಅವನ ಕಿವಿ ಕೆಂಪಾಗಿದ್ದು ಹಿಂದೆ ಕೂತವಳಿಗೆ ಕಾಣಿಸಿತು.

ನಾಗಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತಾ ಕೂತಿದ್ದಳು. ಗಾಳಿ ಇಲ್ಲದ್ದರಿಂದ ಉಣ್ಣೆಯ ಎಳೆಗಳು ಅವಳ ಸುತ್ತ ಹೊಗೆಯ ಹಾಗೆ ನಿಂತಲ್ಲೇ ನಿಂತಿದ್ದವು. "ಬಂದ್ಯಾ ಸ್ವಾಮಿ" ಅಂದಳು. ಮೊಮ್ಮಗಳು ಕಾಲಿಗೆ ನಮಸ್ಕರಿಸಿ, ಪಕ್ಕದಲ್ಲಿ ಕೂತು, ಹೊಳಲ್ಕೆರೆಯ ಕತೆಯನ್ನೆಲ್ಲ ಹೇಳಿದಳು. ದ್ಯಾಮಮ್ಮನ ತಿಪ್ಪೆಯ ಕತೆಗೆ ಅಜ್ಜಿ ನಕ್ಕಳು. ಸೋಮವಾರದ ಮಾತಿಗೆ ನಗಲಿಲ್ಲ. ಕೈ ಮಾತ್ರ ಉಣ್ಣೆಯಲ್ಲಿ ಓಡಾಡುತ್ತಲೇ ಇತ್ತು.

"ಆ ಹೆಸರು ಬಿಡಬೇಕು ಅಂತೀಯ."

"ಹೂಂ ಅಜ್ಜಿ."

"ಎರಡು ವರ್ಷದಿಂದ ಬಂದು ಹೋಗಿ ಮಾಡ್ತೀಯ, ಬಾಯಿಬಿಟ್ಟು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ನಾನೇನು ಕಾಯ್ತಿದ್ದೆ ಗೊತ್ತೇನು ಮಗ? ನೀನು ಅದನ್ನ ಬಿಸಾಕ್ತೀಯೋ, ವಾಪಸ್ ಕೊಡ್ತೀಯೋ ಅಂತ."

"ವಾಪಸ್ ಕೊಡಬಹುದಾ? ಸತ್ತ ಮೇಲಲ್ವಾ ಕಂಬಳಿ ಹೋಗೋದು?"

ನಾಗಕ್ಕ ಉಣ್ಣೆಯನ್ನು ಪಕ್ಕಕ್ಕಿಟ್ಟಳು. "ನಾನು ಸ್ವಾಮಿ ಹತ್ರ ಕೇಳಿದ್ದು ಕೂಸಿನ ಉಸಿರು. ಗಂಡಾಗಿ ಉಳಿಸ್ಕೊಡು ಅಂತ ಕೇಳಿರ್ಲಿಲ್ಲ. ಉಸಿರು ಕೊಟ್ಟ. ಚಳಿಗೆ ಹೊದಿಯಾಕೆ ಅಂತ ಹೆಸರೂ ಕೊಟ್ಟ. ಕೆಲವರಿಗೆ ಬದುಕಿರೋ ತನಕ ಚಳಿ, ಅವರು ಹೊದ್ಕಂಡೇ ಹೋಗ್ತಾರೆ. ನಿಂಗೆ ಬೆಳಕು ಹರೀತಲ್ಲ." ಮಡಿಲಿಗಂಟಿದ ಉಣ್ಣೆಯ ಎಳೆ ಕೊಡವಿಕೊಂಡು ಮತ್ತೆ ಅಂದಳು. "ಮಾಡದಕೆರೆ ಮಂಜಿನಾಗೆ ಮೂರು ಸಲ ಕರೆದ್ರು. ನೀನು ಓ ಅಂದೆ. ನನಗೆ ಆವತ್ತೇ ಗೊತ್ತಾತು. ಓ ಅಂದ ಮ್ಯಾಲೆ ಹೋಗ್ಲೇಬೇಕು. ಇನ್ನೊಂದೀಟು ದಿನ ಇರ್ಲಿ ಅಂತ ನಾನೇ ಹಿಡ್ಕಂಡಿದ್ದೆ."

ಕಾವ್ಯಶ್ರೀ ಅಜ್ಜಿಯ ಮಂಡಿಯ ಮೇಲೆ ತಲೆಯಿಟ್ಟಳು. ಉಣ್ಣೆಯ ವಾಸನೆ, ಎಲೆಅಡಿಕೆಯ ವಾಸನೆ. ಕೆಳಗೆ ದೊಡ್ಡಿಯಲ್ಲಿ ಒಂದು ಮರಿ ತಾಯಿಯನ್ನು ಹುಡುಕಿಕೊಂಡು ಅರಚಿ, ಸಿಕ್ಕಿದ ಮೇಲೆ ಸುಮ್ಮನಾಯಿತು.

ಹೊತ್ತು ಮುಳುಗುವ ಮೊದಲು ಮೂವರೂ ಗದ್ದಿಗೆಗೆ ಹೋದರು. ಹಟ್ಟಿಯಿಂದ ಕೂಗಳತೆಯ ದೂರ, ಬನ್ನಿಮರದ ಕೆಳಗೆ ಸುಣ್ಣ ಬಳಿದ ಕಲ್ಲಿನ ಕಟ್ಟೆ. ಅದರ ಮೇಲೆ ಮಡಚಿದ ಕಂಬಳಿಗಳು. ನಾಗಕ್ಕ ಪೆಟ್ಟಿಗೆಯಿಂದ ತೆಗೆದು ತಂದ ಕಂಬಳಿ ಚಿಕ್ಕದು, ಕೂಸಿಗೆ ಮಾತ್ರ ಸಾಲುವಂಥದು, ಅಂಚಿನಲ್ಲಿ ಒಂದು ಕಡೆ ನುಸಿ ತಿಂದಿತ್ತು. ಅಜ್ಜಿ ಹೇಳಿದಂತೆ ಕಾವ್ಯಶ್ರೀ ಅದನ್ನು ಕೊಡವಿದಳು, ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಹರೀಶ್ ಚಪ್ಪಲಿ ಬಿಟ್ಟು ದೂರದಲ್ಲಿ ನಿಂತಿದ್ದ.

"ಹೋಗಿ ಆ ಬಂಡೆ ಹತ್ರ ನಿಂತ್ಕ. ನಾನು ಕರೀತೀನಿ" ಅಂದಳು ನಾಗಕ್ಕ.

ಅವಳು ಹೋಗಿ ಬೆನ್ನು ಮಾಡಿ ನಿಂತಳು. ಬಯಲು ಪಡುವಣದ ಬೆಳಕಿನಲ್ಲಿ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಹಿಂದಿನಿಂದ ಅಜ್ಜಿಯ ದನಿ ಬಂತು. ಕೂಸು ಹುಟ್ಟಿದಾಗಿನಿಂದ ಅಜ್ಜಿಯ ಬಾಯಲ್ಲಿ ಒಮ್ಮೆಯೂ ಗಟ್ಟಿಯಾಗಿ ಬಾರದಿದ್ದ ಹೆಸರು.

"ಜುಂಜಣ್ಣಾ..."

ಕಾವ್ಯಶ್ರೀ ಸುಮ್ಮನಿದ್ದಳು.

"ಜುಂಜಣ್ಣಾ..."

ಆ ಹೆಸರಿನ ಮೇಲೆ ತನಗೆ ಸಿಟ್ಟಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ನಾಲ್ಕು ದಿನದ ಕೂಸನ್ನು ಅದು ಬೆಚ್ಚಗೆ ಸುತ್ತಿಕೊಂಡಿತ್ತು. ಸಾವು ಬಂದು ನೋಡಿದಾಗ ಮುಂದೆ ನಿಂತಿದ್ದು ಅದೇ. ಮೂರನೆಯ ಕರೆಯೂ ಬಂತು, ಅಜ್ಜಿಯ ದನಿ ಕೊನೆಯಲ್ಲಿ ಸ್ವಲ್ಪ ಒಡೆದಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, ತುಟಿ ಬಿಗಿಹಿಡಿದು, ಅವಳು ಆ ಹೆಸರನ್ನು ತನ್ನ ಪಕ್ಕದಿಂದ ಬಯಲಿನ ಕಡೆಗೆ ಹೋಗಲು ಬಿಟ್ಟಳು. ಯಾರೂ ಓ ಅನ್ನಲಿಲ್ಲ.

"ಆತು. ನಿನ್ನ ಕೆಲಸ ಏನೈತೋ ಅದನ್ನ ಮಾಡ್ಕ" ಅಂದಳು ನಾಗಕ್ಕ.

ಮೊಬೈಲ್ ತೆಗೆದು ಅರ್ಜಿ ತೆರೆದು ಗುಂಡಿ ಒತ್ತಿದಳು. ಬೆರಳು ಈ ಸಲ ನಿಲ್ಲಲಿಲ್ಲ, ಆದರೆ ಅರ್ಜಿ ನಿಂತಿತು. ಚಕ್ರವೊಂದು ಸುಮ್ಮನೆ ಸುತ್ತುತ್ತಿತ್ತು.

"ಅಲ್ಲಿ ಸಿಗ್ನಲ್ ಸಿಗಲ್ಲ" ಎಂದು ಹರೀಶ್ ದೂರದಿಂದ ಹೇಳಿದ. "ಇತ್ಲಾಗೆ ಬಾ, ಈ ದಿಣ್ಣೆ ಮ್ಯಾಲೆ." ಆಮೇಲೆ ನೆಲ ನೋಡುತ್ತಾ, "ಬಾ ಕಾವ್ಯ" ಅಂದ.

ಅವಳು ದಿಣ್ಣೆ ಹತ್ತಿದಳು. ಮೊಬೈಲು ಟಿಂಗ್ ಎಂದಿತು. ಸ್ವೀಕೃತಿ ಬಂದಿತ್ತು. ಕಾವ್ಯಶ್ರೀ ಎಂದು ಬರೆದಿದ್ದನ್ನು ಹರೀಶ್ ಬಗ್ಗಿ ಓದಿ, ಮೂಗಿನಲ್ಲಿ "ಹೂಂ" ಅಂದ, ಅಷ್ಟೇ.

"ಇಸ್ಕಂಡಿದ್ದನ್ನ ಬರಿದಾಗಿ ಕೊಡಬಾರ್ದು" ನಾಗಕ್ಕ ಕಟ್ಟೆಯ ಬಳಿಯಿಂದ ಕೇಳಿದಳು. "ಏನಾದ್ರೂ ತಂದಿದ್ದೀಯೇನೆ?"

ಏನೆ. ಅಜ್ಜಿ ಹಾಗೆ ಕರೆದದ್ದು ಅದೇ ಮೊದಲು. 'ಸ್ವಾಮಿ'ಯೂ ಅಲ್ಲ, 'ಮಗ'ವೂ ಅಲ್ಲ. ಕಾವ್ಯಶ್ರೀ ಕಣ್ಣೊರೆಸಿಕೊಂಡು ಕರ್ಚೀಫಿನ ಗಂಟು ಬಿಚ್ಚಿದಳು. ದ್ಯಾಮಮ್ಮ ಕೊಟ್ಟ ಕೊಬ್ಬರಿ, ಬೆಲ್ಲ. ನಾಗಕ್ಕ ಅವನ್ನು ಕಂಬಳಿಯ ಮಡಿಕೆಯೊಳಗೆ ಇಟ್ಟಳು.

"ಇಸ್ಕಂಡೋಳು ನಾನು, ಕೊಡೋಳೂ ನಾನೇ" ಎಂದು ತನಗೆ ತಾನೇ ಹೇಳಿಕೊಂಡಳು.

ಅಷ್ಟು ಹೊತ್ತಿಗೆ ಬನ್ನಿಮರದ ತುದಿಯ ಎಲೆಗಳು ಅಲ್ಲಾಡಿದವು. ದೂರದ ಗುಡ್ಡದ ಮೇಲೆ ಗಾಳಿಯಂತ್ರದ ಒಂದು ರೆಕ್ಕೆ ನಿಧಾನವಾಗಿ ಕೆಳಗಿಳಿಯಿತು, ಅದರ ಹಿಂದೆ ಇನ್ನೊಂದು. ನಾಗಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಪಕ್ಕದ ಮನೆಯವರಿಂದ ತಂದ ಪಾತ್ರೆಯನ್ನು ಮರಳಿಸುವಷ್ಟು ಸಾವಧಾನವಾಗಿ, ಗದ್ದಿಗೆಯ ಮೇಲಿನ ಉಳಿದ ಕಂಬಳಿಗಳ ಜೊತೆಗೆ ಇಟ್ಟಳು.